ಮರೆಯುವವರ ಮಾತು

ನಮ್ಮಲ್ಲಿ ಒಂದು ಗಾದೆಯುಂಟು: ಅರವತ್ತಕ್ಕೆ ಅರಳುಮರಳು. ಇದನ್ನು ನಾವು ಸಾಮಾನ್ಯವಾಗಿ ನಗುತ್ತ ಹೇಳುತ್ತೇವೆ, ಕೇಳಿದವರೂ ನಗುತ್ತಾರೆ, ಯಾರನ್ನು ಕುರಿತು ಹೇಳಿದೆವೋ ಅವರು ಕೂಡ ಒಮ್ಮೊಮ್ಮೆ ನಗುವುದುಂಟು. ಆದರೆ ಈ ಗಾದೆ ನಗಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತದೆ. ಅರಳುಮರಳು ಎಂದು ಒಬ್ಬರನ್ನು ಒಮ್ಮೆ ಕರೆದೆವೆಂದರೆ, ಅವರ ಮಾತನ್ನು ಕೇಳಬೇಕಾದ ಹೊಣೆ ನಮ್ಮ ತಲೆಯಿಂದ ಇಳಿಯಿತು. ಅವರು ಬೇಡವೆಂದರೆ ಅದು ಹಟ, ಬೇಕೆಂದರೆ ಚಪಲ, ಸುಮ್ಮನಿದ್ದರೆ ಒಪ್ಪಿಗೆ. ಯಾವ ದಾರಿಯಲ್ಲಿ ಹೋದರೂ ನಾವು ಮೊದಲೇ ನಿಶ್ಚಯಿಸಿದ್ದು ನಡೆಯುತ್ತದೆ.

ಈ ಅನುಕೂಲವಾದ ಏರ್ಪಾಟಿಗೆ ಅಡ್ಡಬರುವ ಪ್ರಶ್ನೆಯೊಂದು ಈಚಿನ ವರ್ಷಗಳಲ್ಲಿ ಎದ್ದಿದೆ. ಮರೆವಿನ ಬೇನೆಯುಳ್ಳವರಿಗಾಗಿ ಒಂದು ಉಪಕರಣವನ್ನೋ ಮನೆಯ ಒಂದು ಭಾಗವನ್ನೋ ರೂಪಿಸುವಾಗ, ಆ ಕೆಲಸದಲ್ಲಿ ಅವರೂ ಪಾಲುಗಾರರಾಗಬೇಕೆ? ಆಗಬೇಕೆಂದು ಒಪ್ಪಿದರೂ, ಎಲ್ಲರೂ ಒಂದೇ ಮೇಜಿನ ಸುತ್ತ ಕೂಡಲಾಗದೆ, ಒಬ್ಬರು ಒಂದೂರಿನಲ್ಲಿ ಇನ್ನೊಬ್ಬರು ಇನ್ನೊಂದೂರಿನಲ್ಲಿ ಕುಳಿತು ವಿಡಿಯೋ ತೆರೆಯ ಮೇಲೆ ಮುಖ ನೋಡಿಕೊಳ್ಳುವ ಈ ಕಾಲದಲ್ಲಿ ಅದು ಸಾಧ್ಯವೆ? ನಿನ್ನೆ ಹೇಳಿದ್ದನ್ನು ಇಂದು ನೆನಪಿಡಲಾರದವರನ್ನು ಸಭೆಗೆ ಕರೆಯುವುದು ಗೌರವವೋ, ಗೌರವದ ನಟನೆಯೋ? ಮೇಲುನೋಟಕ್ಕೆ ಇದು ಯಂತ್ರಗಳನ್ನು ಮಾಡುವವರ ತಲೆನೋವಿನಂತೆ ಕಾಣುತ್ತದೆ. ನನಗೆ ತೋರುವಂತೆ ಇದು ಮಾತಿನ ಬೆಲೆಯನ್ನು ಕುರಿತ ಪ್ರಶ್ನೆ. ಆಡಿದವರೇ ಮರೆತ ಮಾತಿಗೆ ಬೆಲೆಯುಂಟೆ?

ಮೊದಲು ಬೇನೆಯ ವಿಚಾರ. ಡಿಮೆನ್ಷಿಯಾ ಎಂಬುದು ಮುಪ್ಪಿನ ಇನ್ನೊಂದು ಹೆಸರಲ್ಲ. ಮಿದುಳಿನ ಬೇರೆ ಬೇರೆ ರೋಗಗಳಿಂದ ಉಂಟಾಗುವ ಒಂದು ಸ್ಥಿತಿ. ಆ ರೋಗಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್‌ಝೈಮರ್. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ ಐವತ್ತೊಂದು ವರ್ಷದ ಹೆಂಗಸನ್ನು ಕರೆತಂದರು. ಅಲೋಯಿಸ್ ಆಲ್‌ಝೈಮರ್ ಎಂಬ ವೈದ್ಯ ಆಕೆಯನ್ನು ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಬರೆದಿಟ್ಟ. 1906ರಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷ ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ಆತ ಆಕೆಯ ಮಿದುಳಿನಲ್ಲಿ ಕಂಡ ಬದಲಾವಣೆಗಳನ್ನು ವಿವರಿಸಿದ. 1910ರಲ್ಲಿ ಕ್ರೇಪೆಲಿನ್ ತನ್ನ ಗ್ರಂಥದಲ್ಲಿ ರೋಗಕ್ಕೆ ಆತನ ಹೆಸರನ್ನು ಕೊಟ್ಟ. ಆ ಹಳೆಯ ಕಡತ 1995ರಲ್ಲಿ ಮತ್ತೆ ಸಿಕ್ಕಿತು. ತನ್ನನ್ನು ತಾನೇ ಕಳೆದುಕೊಂಡಿದ್ದೇನೆ ಎಂಬರ್ಥದ ಮಾತನ್ನು ಆಕೆ ಆಡಿದಳೆಂದು ಪ್ರಸಿದ್ಧಿ. ಕಳೆದುಕೊಂಡಿದ್ದೇನೆ ಎಂದು ಹೇಳುವುದಕ್ಕಾದರೂ ಅಲ್ಲಿ ಒಬ್ಬಳು ಉಳಿದಿದ್ದಳಲ್ಲ! ರೋಗದ ಹೆಸರು ವೈದ್ಯನದಾಯಿತು. ಅದರ ಒಳಗನ್ನು ಮೊದಲು ಬಣ್ಣಿಸಿದವಳು ರೋಗಿಯೇ.

ನಮ್ಮ ದೇಶದಲ್ಲಿ ಅರವತ್ತು ವರ್ಷ ಮೀರಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಸ್ಥಿತಿಯಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅಂಕಿಯನ್ನು ಹೇಳಿ ಮುಂದಕ್ಕೆ ಹೋಗುವುದು ಸುಲಭ. ನಾವು ಗಮನಿಸಬೇಕಾದುದು ಬೇರೆ: ಈ ಬೇನೆ ಮನುಷ್ಯನನ್ನು ದೀಪ ಆರಿಸಿದಂತೆ ಒಮ್ಮೆಲೇ ಆರಿಸುವುದಿಲ್ಲ. ಬೆಳಗಿನ ಸಂಗತಿ ಸಂಜೆಗೆ ಹೋಗುತ್ತದೆ. ಬಾಲ್ಯದ ಊರಿನ ಬೀದಿ ಉಳಿಯುತ್ತದೆ. ಮೊಮ್ಮಗಳ ಹೆಸರು ಜಾರುತ್ತದೆ. ಹೂ ಕಟ್ಟುವ ಬೆರಳು ತಪ್ಪುವುದಿಲ್ಲ. ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಆಲ್‌ಝೈಮರ್ ಉಳ್ಳವರಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ನೋಡಿದ್ದೇನೆಂಬುದು ಅವರಿಗೆ ಮರೆತುಹೋಯಿತು. ಆದರೆ ಅದು ಹುಟ್ಟಿಸಿದ ದುಃಖವೋ ಸಂತೋಷವೋ ನೆನಪು ಅಳಿದಮೇಲೂ ಉಳಿದಿತ್ತು. ಏಕೆ ಅಳುತ್ತೀರಿ ಎಂದರೆ ಹೇಳಲಾರರು. ಅಳು ಮಾತ್ರ ನಿಜ.

ಇನ್ನು ಕೂಡಿ ರೂಪಿಸುವ ವಿಚಾರ. ಬಳಸುವವರೇ ವಸ್ತುವಿನ ವಿನ್ಯಾಸದಲ್ಲಿ ಕೈಹಾಕಬೇಕು ಎಂಬ ಮಾತು ಆಸ್ಪತ್ರೆಯಲ್ಲಿ ಹುಟ್ಟಿದುದಲ್ಲ, ಕಾರ್ಖಾನೆಯಲ್ಲಿ ಹುಟ್ಟಿದುದು. 1970ರ ದಶಕದಲ್ಲಿ ನಾರ್ವೆಯ ಕ್ರಿಸ್ಟೆನ್ ನೈಗಾರ್ಡ್ ಎಂಬ ಕಂಪ್ಯೂಟರ್ ವಿಜ್ಞಾನಿ ಅಲ್ಲಿನ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಸೇರಿ, ಕಾರ್ಖಾನೆಗೆ ಬರಲಿರುವ ಕಂಪ್ಯೂಟರುಗಳನ್ನು ಕುರಿತು ಕಾರ್ಮಿಕರೇ ಕಲಿತು ವಾದಿಸುವಂತೆ ಮಾಡಿದ. 1981ರಲ್ಲಿ ಸ್ಕ್ಯಾಂಡಿನೇವಿಯದಲ್ಲಿ ‘ಯುಟೋಪಿಯಾ’ ಎಂಬ ಯೋಜನೆ ಆರಂಭವಾಯಿತು. ಇದು ಪತ್ರಿಕೆ ಅಚ್ಚುಹಾಕುವವರದು. ಪತ್ರಿಕೆಯ ವಾಚಕರಿಗೆ ಇದರಲ್ಲಿ ಸ್ವಲ್ಪ ಹೆಚ್ಚಿನ ಆಸಕ್ತಿ ಹುಟ್ಟಿದರೆ ಆಶ್ಚರ್ಯವಿಲ್ಲ. ಪುಟ ಕಟ್ಟುವವರು ಇನ್ನೂ ಹುಟ್ಟದ ಯಂತ್ರಗಳ ಬದಲು ರಟ್ಟಿನ ಪೆಟ್ಟಿಗೆಗಳನ್ನು ಇಟ್ಟುಕೊಂಡು ಕೆಲಸ ಮಾಡಿ ನೋಡಿದರು. ಖಾಲಿ ಪೆಟ್ಟಿಗೆಯೊಂದಕ್ಕೆ ಲೇಸರ್ ಪ್ರಿಂಟರ್ ಎಂದು ಚೀಟಿ ಅಂಟಿಸಿದ್ದುಂಟು. ಮಕ್ಕಳಾಟದಂತೆ ಕಾಣುವ ಇದರ ಹಿಂದೆ ಒಂದು ಗಂಭೀರವಾದ ನಂಬಿಕೆಯಿತ್ತು: ಕೆಲಸ ಬಲ್ಲವನಿಗೆ ಅದನ್ನು ವಿವರಿಸಿ ಹೇಳಲು ಬಾರದಿರಬಹುದು, ವಸ್ತುವನ್ನು ಕೈಗೆ ಕೊಟ್ಟರೆ ಅವನ ಕೈ ಹೇಳುತ್ತದೆ.

ಈ ನಂಬಿಕೆ ಮರೆವಿನ ಬೇನೆಯವರಿಗೆ ಒಪ್ಪುವಷ್ಟು ಇನ್ನಾರಿಗೆ ಒಪ್ಪೀತು? ಆದರೂ ಅವರಿಗಾಗಿ ಮಾಡಿದ ಉಪಕರಣಗಳಲ್ಲಿ ಹೆಚ್ಚಿನವು ಅವರನ್ನು ಕೇಳದೆಯೇ ಆದಂಥವು. ಬಾಗಿಲು ತೆರೆದರೆ ಕೂಗುವ ಗಂಟೆ, ಕೋಣೆಯ ಮೂಲೆಯ ಕ್ಯಾಮೆರಾ, ಎಲ್ಲಿದ್ದಾರೆಂದು ದೂರದಿಂದ ತಿಳಿಸುವ ಪದಕ: ಇವೆಲ್ಲ ಕಾಯುವವರ ಭಯದಿಂದ ಹುಟ್ಟಿದವು. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ನೋಡಿದವರಿಗೆ, ತಂದೆ ಕಾಣೆಯಾದ ಮಗನ ಸಂಕಟ ಗೊತ್ತು. ಆ ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆ. ಬಣ್ಣ ಇಂಥದು, ಮೈಕಟ್ಟು ಇಂಥದು. ಕಾಣೆಯಾದವರಿಗೆ ಏನು ಬೇಕಾಗಿತ್ತು, ಎಲ್ಲಿಗೆ ಹೊರಟಿದ್ದರು ಎಂಬುದಕ್ಕೆ ಆ ಪ್ರಕಟಣೆಯಲ್ಲಿ ಸ್ಥಳವಿಲ್ಲ.

ಆ ಸ್ಥಳವನ್ನು ಮಾಡಿಕೊಟ್ಟವರೂ ಉಂಟು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದವರು 2009ರಲ್ಲಿ ಪ್ರಕಟಿಸಿದ ‘ಕೈಟ್’ ಎಂಬ ಯೋಜನೆಯಲ್ಲಿ ಬೇನೆಯುಳ್ಳವರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು, ಹೊರಗೆ ಓಡಾಡಲು ನೆರವಾಗುವ ಉಪಕರಣವೊಂದನ್ನು ರೂಪಿಸಹೊರಟರು. ಬೇಕಾದುದೇನೆಂದು ಚರ್ಚೆ ನಡೆದಾಗ ಹೊರಬಿದ್ದ ಮುಖ್ಯವಾದ ಬೇಡಿಕೆಗಳಲ್ಲಿ ಒಂದು, ಎರಡು ಕಡೆಯಿಂದಲೂ ಮಾತನಾಡುವ ಅನುಕೂಲ. ಇನ್ನೊಂದು, ದಾರಿ ತಪ್ಪಿದಾಗ ಮನೆಗೆ ಹಿಂದಿರುಗಲು ತಮಗೇ ದಾರಿ ತೋರಿಸುವ ಸಾಧನ. ಕೊನೆಗೆ ಆದ ಮಾದರಿಗಳು ಎರಡು: ತೋಳಿಗೆ ಕಟ್ಟುವ ಪಟ್ಟಿ, ಕೈಯಲ್ಲಿ ಹಿಡಿಯುವ ಟಿಪ್ಪಣಿ ಪುಸ್ತಕದಂಥ ಉಪಕರಣ. ವ್ಯತ್ಯಾಸವನ್ನು ನೋಡಿ. ಕಾಯುವವರ ಪ್ರಶ್ನೆ, ‘ಅವರೆಲ್ಲಿದ್ದಾರೆ?’ ಎಂಬುದು. ನಡೆಯುವವರ ಪ್ರಶ್ನೆ, ‘ನಾನೆಲ್ಲಿದ್ದೇನೆ?’ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ ಎರಡನೆಯದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ. ಕೇಳದೆ ಹೋಗಿದ್ದರೆ ಎರಡನೆಯ ಪ್ರಶ್ನೆ ಇದೆಯೆಂಬುದೇ ತಿಳಿಯುತ್ತಿರಲಿಲ್ಲ.

ಇಲ್ಲಿ ತತ್ತ್ವಜ್ಞರು ಅಡ್ಡ ನಿಲ್ಲುತ್ತಾರೆ. ಮನುಷ್ಯನ ತನ್ನತನ ನಿಂತಿರುವುದು ಅವನ ನೆನಪಿನ ಮೇಲೆ ಎಂಬ ವಾದವನ್ನು ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಸೇರಿಸಿದ ಅಧ್ಯಾಯದಲ್ಲಿ ಮಂಡಿಸಿದ. ಹಾಗಾದರೆ ಸೋಮವಾರದ ಸಭೆಯಲ್ಲಿ ಮಾತನಾಡಿದವರೂ, ಅದನ್ನು ಪೂರ್ತಿ ಮರೆತು ಮುಂದಿನ ಸೋಮವಾರ ಬಂದು ಕುಳಿತವರೂ ಒಬ್ಬರೇ ಎನ್ನುವುದು ಹೇಗೆ? ಲಾಕನ ಮಾತಿಗೆ ಥಾಮಸ್ ರೀಡ್ 1785ರಲ್ಲಿಯೇ ಚೆನ್ನಾದ ಉತ್ತರ ಕೊಟ್ಟಿದ್ದಾನೆ: ಮುದಿ ಸೇನಾಪತಿಗೆ ತಾನು ತರುಣ ಅಧಿಕಾರಿಯಾಗಿ ಶತ್ರುವಿನ ಧ್ವಜ ಕಿತ್ತುತಂದುದು ನೆನಪಿದೆ; ಆ ಅಧಿಕಾರಿಗೆ ತಾನು ಹುಡುಗನಾಗಿದ್ದಾಗ ಪೆಟ್ಟು ತಿಂದುದು ನೆನಪಿತ್ತು; ಸೇನಾಪತಿಗೆ ಆ ಪೆಟ್ಟು ಮರೆತಿದೆ. ಅಷ್ಟಕ್ಕೇ ಪೆಟ್ಟು ತಿಂದ ಹುಡುಗ ಬೇರೆ ಯಾರೋ ಆದನೆ? ನಮ್ಮಲ್ಲಿಯೂ ಸ್ಮೃತಿ ಕೆಟ್ಟರೆ ಬುದ್ಧಿ ಕೆಡುತ್ತದೆಂಬ ಗೀತೆಯ ಮಾತನ್ನು ಈ ಸಂದರ್ಭಕ್ಕೆ ಎಳೆದುತರುವವರಿದ್ದಾರೆ. ಅದು ಕ್ರೋಧದಿಂದ ವಿವೇಕ ತಪ್ಪಿದವನನ್ನು ಕುರಿತದ್ದು; ಔಷಧದ ಡಬ್ಬಿ ಎಲ್ಲಿಟ್ಟೆನೆಂದು ಹುಡುಕುತ್ತಿರುವ ಅಜ್ಜಿಯನ್ನು ಕುರಿತದ್ದಲ್ಲ.

ಇದಕ್ಕಿಂತ ಬಿಗಿಯಾದ ಚರ್ಚೆ ಈಚಿನದು. ರೊನಾಲ್ಡ್ ಡ್ವಾರ್ಕಿನ್ 1993ರಲ್ಲಿ, ಬೇನೆ ಬರುವುದಕ್ಕೆ ಮೊದಲು ಸ್ವಸ್ಥಚಿತ್ತದಿಂದ ಮಾಡಿದ ನಿರ್ಧಾರವೇ ಮುಂದೆಯೂ ನಡೆಯಬೇಕು, ಈಗಿನ ಇಷ್ಟಾನಿಷ್ಟಗಳು ಅದನ್ನು ಮೀರಲಾರವು ಎಂದು ವಾದಿಸಿದ. ರೆಬೆಕಾ ಡ್ರೆಸರ್ ಇದನ್ನು ಒಪ್ಪದೆ, ಎದುರಿಗೆ ಕುಳಿತಿರುವ ಜೀವದ ಈಗಿನ ಹಿತವನ್ನು ನೋಡಿ ಎಂದಳು. 1999ರಲ್ಲಿ ಆಗ್ನಿಯೆಷ್ಕಾ ಯಾವೋರ್ಸ್ಕಾ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಇಂಥವರಲ್ಲಿ ಅನೇಕರಿಗೆ ಬರಿಯ ಇಷ್ಟಗಳಷ್ಟೇ ಅಲ್ಲ, ಇದು ಒಳ್ಳೆಯದು ಇದು ಸಲ್ಲದು ಎಂದು ಬೆಲೆಗಟ್ಟುವ ಶಕ್ತಿಯೂ ಉಳಿದಿರುತ್ತದೆ ಎಂದು ತೋರಿಸಿದಳು. ಬದುಕಿಸಬೇಕೆ ಬಿಡಬೇಕೆ ಎಂಬ ಘೋರ ಪ್ರಸಂಗಗಳನ್ನು ಇಟ್ಟುಕೊಂಡು ನಡೆದ ಚರ್ಚೆ ಇದು. ನಮ್ಮ ಪ್ರಸಂಗ ಅಷ್ಟು ಘೋರವಲ್ಲ. ಆದುದರಿಂದಲೇ ಇಲ್ಲಿ ದಾರಿ ಕಾಣುವುದು ಸುಲಭವೆಂದು ನನ್ನ ಭಾವನೆ.

ಮಾತಿನಲ್ಲಿ ಬಗೆಗಳಿವೆ. ಪ್ರತಿಜ್ಞೆ ಒಂದು ಬಗೆ, ಸಾಕ್ಷ್ಯ ಇನ್ನೊಂದು ಬಗೆ. ಪ್ರತಿಜ್ಞೆ ಮಾಡಿದವನಿಗೆ ನೆನಪು ಬೇಕು. ಸಾಲ ಪಡೆದು, ತೀರಿಸುತ್ತೇನೆಂದು ಮಾತುಕೊಟ್ಟು ಮರೆತರೆ ಆ ಮಾತು ಕೆಟ್ಟಿತು. ಸಾಕ್ಷ್ಯ ಹಾಗಲ್ಲ. ‘ಈ ಗುಂಡಿ ಒತ್ತುವುದಕ್ಕೆ ಬಿಗಿ’, ‘ಈ ಅಕ್ಷರ ನನಗೆ ಕಾಣದು’, ‘ಇದನ್ನು ಕೊರಳಿಗೆ ಹಾಕಿಕೊಂಡರೆ ದನಕ್ಕೆ ಗಂಟೆ ಕಟ್ಟಿದಂತಾಗುತ್ತದೆ’ ಎಂದು ಒಬ್ಬರು ಹೇಳಿದರೆ, ಹೇಳಿದ ಆ ಗಳಿಗೆಯಲ್ಲಿಯೇ ಅದು ಪೂರ್ಣವಾಯಿತು. ನಾಳೆ ಅವರಿಗೆ ಅದು ನೆನಪಿರದಿದ್ದರೆ ಗುಂಡಿಯ ಬಿಗಿ ಸಡಿಲವಾಗುವುದಿಲ್ಲ. ವಸ್ತುವನ್ನು ರೂಪಿಸುವ ಸಭೆ ಬೇಡುವುದು ಬಹುಮಟ್ಟಿಗೆ ಇಂಥ ಸಾಕ್ಷ್ಯವನ್ನು. ನೆನಪಿಡುವ ಹೊಣೆ ಕೇಳಿಸಿಕೊಂಡವರದು. ಇಂಗ್ಲೆಂಡು ಮತ್ತು ವೇಲ್ಸಿನ 2005ರ ಕಾಯಿದೆಯೊಂದು ನಿರ್ಧಾರಗಳ ವಿಷಯದಲ್ಲಿಯೇ ಇದನ್ನು ಒಪ್ಪಿಕೊಂಡಿದೆ: ವಿಷಯವನ್ನು ಸ್ವಲ್ಪ ಹೊತ್ತು ಮಾತ್ರ ಮನಸ್ಸಿನಲ್ಲಿ ಉಳಿಸಿಕೊಳ್ಳಬಲ್ಲರು ಎಂಬ ಕಾರಣದಿಂದಷ್ಟೇ ಒಬ್ಬರನ್ನು ನಿರ್ಧಾರ ಮಾಡಲಾರದವರೆಂದು ತಿಳಿಯಕೂಡದು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯ ಮಟ್ಟಿಗೆ ಇದೇ ದಾರಿಯಲ್ಲಿದೆ. ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಿದರೂ ತಿಳಿಸಿದಂತೆಯೇ. ಮಾಡಿದ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡಿತೆಂಬುದು ಶಕ್ತಿಯಿಲ್ಲವೆನ್ನಲು ಸಾಲದು.

ತೆರೆಯ ಮೇಲಿನ ಸಭೆಯಲ್ಲಿ ಈ ಸಾಕ್ಷ್ಯ ಏನಾಗುತ್ತದೆ? 2020ರಲ್ಲಿ ಸಾಂಕ್ರಾಮಿಕ ರೋಗ ಬಂದು ಎಲ್ಲರೂ ಮನೆಯೊಳಗೆ ಸೇರಿದಾಗ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಯಿತು. ಆ ವರ್ಷ ನಾವು ಅಧ್ಯಾಪಕರು ಕಪ್ಪು ಚೌಕಗಳಿಗೆ ಪಾಠ ಹೇಳಿದವರು. ಎದುರಿನವರ ಹುಬ್ಬು ಕಾಣದೆ ಮಾತನಾಡುವುದೆಂದರೇನೆಂದು ಬಲ್ಲೆವು. ಬೇನೆಯುಳ್ಳವರ ಕಷ್ಟ ಇನ್ನೂ ಹೆಚ್ಚು. ಅವರ ನೆನಪಿಗೆ ಊರುಗೋಲಾಗಿರುವುದು ಸುತ್ತಲಿನ ವಸ್ತುಗಳು: ಮೇಜಿನ ಮೇಲಿನ ಮಾದರಿ, ಪಕ್ಕದವರ ಕೈ, ಕಾಫಿ ಬಂದಿತೆಂದರೆ ಅರ್ಧ ಸಭೆ ಮುಗಿಯಿತೆಂಬ ಗುರುತು. ತೆರೆ ಇವೆಲ್ಲವನ್ನೂ ಕಿತ್ತುಕೊಳ್ಳುತ್ತದೆ. ಆರು ಮುಖಗಳು ಒಂದೇ ಅಳತೆಯಲ್ಲಿ ಸಾಲಾಗಿರುತ್ತವೆ. ದನಿ ಯಾವುದರಿಂದ ಬಂದಿತೆಂದು ತಿಳಿಯುವುದರೊಳಗೆ ಮಾತು ಮುಂದಕ್ಕೆ ಹೋಗಿರುತ್ತದೆ. ಇವರು ಪದ ಹುಡುಕಲು ಹತ್ತು ಕ್ಷಣ ಸುಮ್ಮನಾದರೆ, ಸಂಪರ್ಕ ಕಡಿಯಿತೆಂದು ತಿಳಿದು ಬೇರೊಬ್ಬರು ಆರಂಭಿಸಿಬಿಡುತ್ತಾರೆ.

ಆದರೆ ಇದರ ಇನ್ನೊಂದು ಮುಖವನ್ನು ಕಾಣದಿರುವುದು ಅನ್ಯಾಯವಾದೀತು. 2014ರಲ್ಲಿ ಡಿಮೆನ್ಷಿಯಾ ಅಲಯನ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಬೇನೆಯುಳ್ಳವರೇ ಅದರ ಸದಸ್ಯರು, ಅವರೇ ನಡೆಸುವವರು. ಬೇರೆ ಬೇರೆ ದೇಶಗಳಲ್ಲಿರುವ ಇವರು ಸಾಂಕ್ರಾಮಿಕಕ್ಕೆ ವರ್ಷಗಳ ಮೊದಲೇ ವಿಡಿಯೋ ಮೂಲಕ ಸಭೆ ಸೇರುತ್ತಿದ್ದರು. ಸ್ಥಾಪಕರಲ್ಲಿ ಒಬ್ಬಳಾದ ಆಸ್ಟ್ರೇಲಿಯಾದ ಕೇಟ್ ಸ್ವಾಫರ್‌ಗೆ ಐವತ್ತು ತುಂಬುವ ಮೊದಲೇ ಬೇನೆ ಪತ್ತೆಯಾಯಿತು. ಕೆಲಸ ಬಿಡಿ, ಓದು ಬಿಡಿ, ಮನೆಯ ವ್ಯವಹಾರವನ್ನು ಸರಿಪಡಿಸಿಕೊಳ್ಳಿ ಎಂಬುದು ಆಕೆಗೆ ಸಿಕ್ಕ ಸಲಹೆ. ಬದುಕಿನಿಂದ ಹಿಂದೆಗೆಯುವುದನ್ನೇ ಔಷಧದಂತೆ ಬರೆದುಕೊಡುವ ಈ ಪದ್ಧತಿಗೆ ಆಕೆ ಒಂದು ಹೆಸರನ್ನೇ ಇಟ್ಟು ಅದನ್ನು ಎದುರಿಸಿದಳು. ಇಂಗ್ಲೆಂಡಿನ ವೆಂಡಿ ಮಿಚೆಲ್‌ಗೆ 2014ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ ಬೇನೆ ಪತ್ತೆಯಾಯಿತು, 2018ರಲ್ಲಿ ಅನಾ ವಾರ್ಟನ್ ಎಂಬ ಲೇಖಕಿಯೊಡನೆ ಸೇರಿ ತನ್ನ ಅನುಭವವನ್ನು ಪುಸ್ತಕವಾಗಿಸಿದಳು, 2024ರಲ್ಲಿ ತೀರಿಕೊಂಡಳು. ಬಾಯಲ್ಲಿ ಬಾರದ ಮಾತು ಕೀಲಿಮಣೆಯ ಮೇಲೆ ಬೆರಳಿಟ್ಟರೆ ಬರುತ್ತದೆಂದು ಆಕೆ ಮತ್ತೆ ಮತ್ತೆ ಹೇಳಿದ್ದಾಳೆ. ಅಂಥವರಿಗೆ ದೂರದ ಸಭೆ ಕೊರತೆಯಲ್ಲ. ಗದ್ದಲದ ರೈಲುನಿಲ್ದಾಣವನ್ನೂ ಅಪರಿಚಿತ ಕಟ್ಟಡವನ್ನೂ ತಪ್ಪಿಸಿ, ತಮ್ಮದೇ ಕುರ್ಚಿಯಲ್ಲಿ ಕೂತು ಮಾತನಾಡುವ ಅವಕಾಶ.

ಆದುದರಿಂದ ತೆರೆ ಒಳ್ಳೆಯದೋ ಕೆಟ್ಟದೋ ಎಂದು ವಾದಿಸುವುದು ವ್ಯರ್ಥ. ತೆರೆ ಕಿತ್ತುಕೊಂಡದ್ದನ್ನು ಬೇರೆ ದಾರಿಯಿಂದ ಹಿಂದಕ್ಕೆ ಕೊಡುವ ಶ್ರಮವನ್ನು ನಾವು ಪಡುತ್ತೇವೆಯೇ ಎಂಬುದು ಪ್ರಶ್ನೆ. ವಸ್ತುವಿನ ಮಾದರಿಯನ್ನು ಮೊದಲೇ ಅಂಚೆಯಲ್ಲಿ ಮನೆಗೆ ಕಳುಹಿಸಬಹುದು. ಕೈಯಲ್ಲಿ ಹಿಡಿದುಕೊಂಡರೆ ಕೈ ಮಾತನಾಡುತ್ತದೆ. ಮೂರೋ ನಾಲ್ಕೋ ಮಂದಿಯನ್ನು ಮಾತ್ರ ಸೇರಿಸಬಹುದು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮೌನ ಬಂದಾಗ ಅದನ್ನು ತುಂಬದೆ ಕಾಯುವುದು. ಇವು ಯಾವುವೂ ದೊಡ್ಡ ವಿದ್ಯೆಗಳಲ್ಲ. ಆದರೆ ಎಲ್ಲಕ್ಕೂ ಹೊತ್ತು ಬೇಕು, ಮತ್ತು ಹೊತ್ತಿನ ವಿಷಯದಲ್ಲಿ ನಮ್ಮಷ್ಟು ಜಿಪುಣರು ಇನ್ನಿಲ್ಲ.

ಇದು ಪರದೇಶದ ಪಂಡಿತರ ಮಾತೆಂದು ವಾಚಕರು ಪುಟ ತಿರುವಬಾರದು. ಮೈಸೂರಿನಲ್ಲೋ ಧಾರವಾಡದಲ್ಲೋ ವಯಸ್ಸಾದ ತಾಯಿ, ಅಮೆರಿಕದಲ್ಲಿ ಮಗ, ಪುಣೆಯಲ್ಲಿ ಮಗಳು: ಇಂಥ ಮನೆಗಳು ಎಷ್ಟಿಲ್ಲ? ಭಾನುವಾರದ ವಿಡಿಯೋ ಕರೆಯಲ್ಲಿ ತಾಯಿಯ ಮನೆಯನ್ನು ತಿದ್ದುವ ಕೆಲಸ ನಡೆಯುತ್ತದಲ್ಲ, ಅದೂ ದೂರದಿಂದ ಕೂಡಿ ರೂಪಿಸುವ ಕೆಲಸವೇ. ನಾನು ಬಲ್ಲ ಒಂದು ಮನೆಯಲ್ಲಿ ಒಲೆಯ ಮೇಲೆ ಎರಡು ಸಲ ಪಾತ್ರೆ ಸೀದುಹೋಯಿತು. ಗ್ಯಾಸ್ ತೆಗೆಸಿಬಿಡಬೇಕು, ಅಡುಗೆಮನೆಯಲ್ಲಿ ಒಂದು ಕ್ಯಾಮೆರಾ ಹಾಕಿಸಬೇಕು ಎಂದು ಮಕ್ಕಳು ನಿಶ್ಚಯಿಸಿದರು. ತಾಯಿ ತೆರೆಯ ಮೂಲೆಯಲ್ಲಿ ಕುಳಿತೇ ಇದ್ದರು. ‘ಏನಮ್ಮ, ಆಗಬಹುದಲ್ಲ?’ ಎಂದು ಮಗ ಕೇಳಿದ. ‘ನೀವು ಮಾಡಿದ್ದೇ ಸರಿ ಕಣಪ್ಪ’ ಎಂದರು. ಸಭೆ ಮುಗಿಯಿತು.

ಆ ‘ಸರಿ ಕಣಪ್ಪ’ ಎಂಬುದು ಒಪ್ಪಿಗೆಯೆ? ಅದು ನಮ್ಮ ಹಿರಿಯರ ಸೌಜನ್ಯ. ದೂರದ ಮಗನ ಮುಖ ಬಾಡಬಾರದೆಂಬ ತಾಯಿಯ ಎಚ್ಚರ. ಕೆಲವು ದಿನಗಳಮೇಲೆ, ಮನೆಗೆಲಸಕ್ಕೆ ಬರುವಾಕೆ ಬೇರೆ ರೀತಿಯಲ್ಲಿ ಕೇಳಿದಳು: ‘ಅಮ್ಮಾವ್ರೇ, ಒಲೆ ಹತ್ತಿಸಿ ಎಲ್ಲಿಗೆ ಹೋಗ್ತೀರಿ?’ ಉತ್ತರ ಒಡನೆಯೇ ಬಂದಿತು. ‘ಎಲ್ಲಿಗೂ ಹೋಗಲ್ಲ ಕಣೆ. ಹುಣಸೆಹಣ್ಣು ಹುಡುಕ್ತೀನಿ. ಎಲ್ಲಾ ಬಾಗಿಲು ಮುಚ್ಚಿರುತ್ತೆ, ಯಾವುದರಲ್ಲಿ ಏನಿದೆಯೋ ಯಾರಿಗೆ ಗೊತ್ತು.’ ಹೊಸದಾಗಿ ಮಾಡಿಸಿದ ಅಡುಗೆಮನೆ. ಗೋಡೆಯುದ್ದಕ್ಕೂ ಒಂದೇ ಬಣ್ಣದ ಕಪಾಟಿನ ಬಾಗಿಲುಗಳು. ಒಲೆಯನ್ನು ಮರೆಯುವಂತೆ ಮಾಡುತ್ತಿದ್ದುದು ಆ ಬಾಗಿಲುಗಳು. ಮಕ್ಕಳು ನಾಲ್ಕು ಬಾಗಿಲು ಕಳಚಿಸಿದರು. ಡಬ್ಬಗಳು ಕಣ್ಣಿಗೆ ಬಿದ್ದವು. ಮುಂದಿನ ವಾರ ತಾಯಿ ಕೇಳಿದರು, ‘ಬಾಗಿಲು ಕಿತ್ತವರು ಯಾರು? ಧೂಳು ಕೂರುತ್ತೆ.’ ನೀವೇ ಹೇಳಿದ್ದು ಎಂದರೆ ನಂಬಲಿಲ್ಲ.

ಎರಡು ಮಾತುಗಳೂ ಆಕೆಯವೇ. ಮೊದಲನೆಯದನ್ನು ಮರೆತರೆಂದು ಎರಡನೆಯದನ್ನು ತಳ್ಳಿಹಾಕುವಂತಿಲ್ಲ; ಧೂಳು ಕೂರುವುದೂ ನಿಜ. ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳಲು ಇಲ್ಲಿ ಅವಕಾಶವಿಲ್ಲ. ಜಾನ್ ಡ್ಯೂಯಿಂಗ್ ಎಂಬ ದಾದಿವಿದ್ಯೆಯ ವಿದ್ವಾಂಸೆ 2007ರಲ್ಲಿ ಬರೆದ ಲೇಖನದಲ್ಲಿ, ಇಂಥವರ ಒಪ್ಪಿಗೆಯನ್ನು ಮೊದಲ ದಿನ ಸಹಿ ಮಾಡಿಸಿಕೊಂಡು ಮುಗಿಸಬಾರದು, ಪ್ರತಿ ಸಲವೂ ಹೊಸದಾಗಿ ಕೇಳಿ, ಮುಖವನ್ನೂ ಮೈಯನ್ನೂ ನೋಡಿ ತಿಳಿಯಬೇಕು ಎಂಬ ಕ್ರಮವನ್ನು ವಿವರಿಸಿದ್ದಾಳೆ. ಕುರ್ಚಿಯಲ್ಲಿ ಹಿಂದಕ್ಕೆ ಸರಿದರೆ, ಸೆರಗನ್ನು ಮತ್ತೆ ಮತ್ತೆ ಎಳೆದುಕೊಂಡರೆ, ಬಾಯಿ ‘ಆಗಲಿ’ ಎನ್ನುತ್ತಿದ್ದರೂ ಅಲ್ಲಿ ‘ಬೇಡ’ ಇರಬಹುದು. ತೆರೆಯ ಮೇಲೆ ಎದೆಯಿಂದ ಮೇಲಷ್ಟೇ ಕಾಣುವುದರಿಂದ ಇದನ್ನು ನೋಡಲು ಅದೇ ಕೋಣೆಯಲ್ಲಿ ಒಬ್ಬರು ಬೇಕು. ಆ ಒಬ್ಬರೇ ತೊಡಕೂ ಆಗುತ್ತಾರೆ: ಪಕ್ಕದಲ್ಲಿ ಕುಳಿತ ಸೊಸೆಯೋ ಗಂಡನೋ ‘ಅವರಿಗೆ ಅದು ಇಷ್ಟವಾಗೊಲ್ಲ’ ಎಂದು ತಾವೇ ಉತ್ತರ ಕೊಟ್ಟುಬಿಡುವುದುಂಟು. ಪ್ರೀತಿಯಿಂದ ಆಡಿದ ಮಾತೇ. ಆದರೂ ಅದು ಅವರ ಮಾತು, ಇವರದಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆದುಕೊಳ್ಳಬೇಕು.

ಮಾತೇ ನಿಂತುಹೋದಮೇಲೆ? ಆಗ ಸಭೆಗೆ ಕರೆಯುವುದರಲ್ಲಿ ಅರ್ಥವಿಲ್ಲವೆಂದು ಒಪ್ಪುತ್ತೇನೆ. ಕ್ಯಾಮೆರಾದ ಮುಂದೆ ಕೂರಿಸಿ, ‘ಇವರೂ ನಮ್ಮೊಡನಿದ್ದಾರೆ’ ಎಂದು ವರದಿಯಲ್ಲಿ ಸೇರಿಸಿಕೊಳ್ಳುವುದು ಹೊರಗಿಡುವುದಕ್ಕಿಂತಲೂ ಕೀಳು. ಆಗ ಉಳಿಯುವುದು ವಸ್ತುವನ್ನು ಪಕ್ಕದಲ್ಲಿಟ್ಟು, ಕೈ ಅದರ ಕಡೆಗೆ ಹೋಗುತ್ತದೆಯೋ ಇಲ್ಲವೋ ನೋಡುವುದಷ್ಟೇ. ಆದರೆ ಅಲ್ಲಿಗೆ ಮುಟ್ಟುವುದಕ್ಕೆ ಮೊದಲು ಹಲವು ವರ್ಷಗಳ ದಾರಿಯುಂಟು. ರೋಗದ ಹೆಸರು ಕೇಳಿದ ದಿನವೇ ನಾವು ಅವರನ್ನು ಆ ಕೊನೆಯಲ್ಲಿ ಕೂರಿಸುತ್ತೇವೆ.

ಪ್ರತಿ ಸಭೆಯ ಮೊದಲಲ್ಲಿ ಹಿಂದಿನ ಸಭೆಯ ನಡವಳಿಯನ್ನು ಓದುವ ಪದ್ಧತಿ ನಮ್ಮ ಸಹಕಾರ ಸಂಘಗಳಲ್ಲಿಯೂ ಉಂಟು. ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನು ನಿಧಾನವಾಗಿ ಓದಬೇಕು: ‘ಕಳೆದ ವಾರ ತಾವು ಹೀಗೆ ಹೇಳಿದಿರಿ. ಈಗಲೂ ಹಾಗೆಯೇ ಅನ್ನಿಸುತ್ತದೆಯೆ?’ ಕೆಲವರು ಹೌದೆನ್ನುತ್ತಾರೆ. ಕೆಲವರು, ನಾನು ಹಾಗೆ ಹೇಳಿರಲಾರೆ ಎಂದು ನಗುತ್ತಾರೆ. ಇನ್ನು ಕೆಲವರು ಕಾಗದವನ್ನು ಕೊಡಿ ನೋಡೋಣ ಎನ್ನುತ್ತಾರೆ. ಅದಕ್ಕಾಗಿ ಅವರ ಮಾತನ್ನು ಅವರದೇ ಪದಗಳಲ್ಲಿ, ದಪ್ಪ ಅಕ್ಷರದಲ್ಲಿ ಬರೆದು, ಸಭೆಗೆ ಎರಡು ದಿನ ಮೊದಲೇ ಅಂಚೆಗೆ ಹಾಕಿರಬೇಕು.